ಓದುವಾಗ ಎಲ್ಲ ಗೊತ್ತು, ಬರೆಯುವಾಗ ತಲೆ ಖಾಲಿ: ನೆನಪು, ನಿದ್ದೆ ಮತ್ತು ನೋಡುತ್ತಾ ನಿಂತ ಜನ

ಪ್ರಶ್ನೆ: ನಾನು ಬಿ.ಎ. ಮೊದಲ ವರ್ಷದಲ್ಲಿದ್ದೇನೆ. ಮನಃಶಾಸ್ತ್ರವೂ ಒಂದು ವಿಷಯ. ರಾತ್ರಿ ಎರಡರವರೆಗೆ ಓದುತ್ತೇನೆ, ಆರಕ್ಕೆ ಎದ್ದು ಬಸ್ಸು ಹಿಡಿಯಬೇಕು. ಓದುವಾಗ ಎಲ್ಲ ಗೊತ್ತು ಅನಿಸುತ್ತದೆ, ಪರೀಕ್ಷೆಯಲ್ಲಿ ತಲೆ ಖಾಲಿ. ನನಗೆ ನೆನಪಿನ ಶಕ್ತಿ ಕಮ್ಮಿಯಾ? ನಿದ್ದೆ ಕಮ್ಮಿಯಾದರೂ ತೊಂದರೆ ಇಲ್ಲ, ಅಭ್ಯಾಸ ಆಗಿಬಿಟ್ಟಿದೆ. ಇನ್ನೊಂದು ಮಾತು. ಹೋದ ತಿಂಗಳು ಸರ್ಕಲ್ ಹತ್ತಿರ ಸ್ಕೂಟರಿನಿಂದ ಬಿದ್ದವರೊಬ್ಬರ ಸುತ್ತ ಜನ ನೋಡುತ್ತಾ ನಿಂತಿದ್ದರು. ನಾನೂ ಹತ್ತು ನಿಮಿಷ ಸುಮ್ಮನೆ ನಿಂತೆ. ಕೊನೆಗೆ ಒಬ್ಬ ಆಟೋದವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಇಷ್ಟು ಕಲ್ಲು ಮನಸ್ಸಿನವಳಾ? ಇದಕ್ಕೆಲ್ಲ ಮನಃಶಾಸ್ತ್ರ ಏನು ಹೇಳುತ್ತದೆ?
ಒಬ್ಬ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಿಂತ ತೀರ್ಪುಗಳೇ ಜಾಸ್ತಿ ಇವೆ. ನೆನಪಿನ ಶಕ್ತಿ ಕಮ್ಮಿ. ನಿದ್ದೆ ಸಾಕು. ಮನಸ್ಸು ಕಲ್ಲು. ಮೂರಕ್ಕೂ ಸಾಕ್ಷಿ ಒಂದೇ, ನಿಮಗೆ ಹಾಗೆ ಅನಿಸಿದ್ದು. ಆದರೆ ನೀವು ಓದುತ್ತಿರುವ ಶಾಸ್ತ್ರ ಇಷ್ಟು ವರ್ಷದಲ್ಲಿ ಮತ್ತೆ ಮತ್ತೆ ಕಂಡುಕೊಂಡದ್ದು ಏನು ಗೊತ್ತೇ? ನಮ್ಮ ಬಗ್ಗೆ ನಮಗೆ ಏನು ಅನಿಸುತ್ತದೋ ಅದು ಬಹಳ ಸಲ ತಪ್ಪಾಗಿರುತ್ತದೆ. ನಿಮ್ಮ ಮೂರೂ ತೀರ್ಪನ್ನು ನಾನು ಒಪ್ಪುವುದಿಲ್ಲ.

ಮೊದಲು ನೆನಪು. ‘ನೆನಪಿನ ಶಕ್ತಿ’ ಅಂತ ಒಂದೇ ಒಂದು ಶಕ್ತಿ ತಲೆಯಲ್ಲಿ ಕೂತಿಲ್ಲ. ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರು ಅಮೆರಿಕದ ಹೆನ್ರಿ ಮೊಲೈಸನ್. ನಿಮ್ಮ ಪಠ್ಯದಲ್ಲಿ ‘ಎಚ್.ಎಂ.’ ಅಂತ ಇರಬಹುದು. ತೀವ್ರ ಮೂರ್ಛೆರೋಗಕ್ಕೆ 1953ರಲ್ಲಿ ಅವರ ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ (ಹೊಸ ನೆನಪು ಕಟ್ಟಲು ಬೇಕಾದ ಭಾಗ) ಬಹುಭಾಗ ತೆಗೆದರು. ಆಮೇಲೆ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಮಾತಾಡಿಸಿದವರು ಹೊರಗೆ ಹೋಗಿ ಬಂದರೆ ಮತ್ತೆ ಹೊಸಬರು. ಆದರೆ ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಈ ಮೊಲೈಸನ್‌ಗೆ ಒಂದು ಕೆಲಸ ಕೊಟ್ಟರು. ಕೈಯನ್ನು ನೇರ ನೋಡದೆ, ಕನ್ನಡಿಯಲ್ಲಿ ನೋಡಿಕೊಂಡೇ ನಕ್ಷತ್ರದ ಗೆರೆ ಎಳೆಯಬೇಕು. ಮೂರು ದಿನದಲ್ಲಿ ಅವರ ಕೈ ಚೆನ್ನಾಗಿ ಪಳಗಿತು. ಪ್ರತಿ ದಿನವೂ ‘ಇದನ್ನು ನಾನು ಹಿಂದೆಂದೂ ಮಾಡಿಲ್ಲ’ ಅನ್ನುತ್ತಲೇ ಇದ್ದರು! ಅಂದರೆ ಕೈ ಕಲಿಯುವ ನೆನಪು ಬೇರೆ, ಘಟನೆ ಮತ್ತು ಸಂಗತಿಗಳ ನೆನಪು ಬೇರೆ. ಸೈಕಲ್ ಹೊಡೆಯಲು, ಹಾಡು ಹೇಳಲು, ಬಸ್ಸಿನ ಟೈಮು ಹೇಳಲು ನಿಮಗೆ ಕಷ್ಟ ಇಲ್ಲ ತಾನೆ? ಹಾಗಿದ್ದರೆ ನೆನಪಿನ ಯಂತ್ರ ನೆಟ್ಟಗೇ ಇದೆ. ನೆನಪು ಹೆಚ್ಚಿಸುತ್ತೇವೆ ಅನ್ನುವ ಸಿರಪ್ಪು, ಪುಡಿಗಳಿಗೆ ದುಡ್ಡು ಸುರಿಯಬೇಡಿ.

ಹಾಗಾದರೆ ತಪ್ಪಿದ್ದು ಎಲ್ಲಿ? ಓದುವ ರೀತಿಯಲ್ಲಿ. ನೋಟ್ಸ್ ತೆಗೆದು, ಹಳದಿ ಹೈಲೈಟರ್ ಎಳೆದು, ಅದನ್ನೇ ನಾಲ್ಕು ಸಲ ಓದುತ್ತೀರಿ ಅಲ್ವಾ? ನಾಲ್ಕನೇ ಸಲಕ್ಕೆ ಸಾಲುಗಳು ಸರಾಗವಾಗಿ ಹೋಗುತ್ತವೆ. ಆ ಸರಾಗವನ್ನೇ ನಾವು ‘ಗೊತ್ತು’ ಅಂದುಕೊಳ್ಳುತ್ತೇವೆ. ಪುಸ್ತಕ ಎದುರಿಗಿದ್ದಾಗ ಗುರುತು ಹಿಡಿಯುವುದು ಸುಲಭ. ಪರೀಕ್ಷೆ ಕೇಳುವುದು ಅದನ್ನಲ್ಲ. ಎದುರಿಗೆ ಏನೂ ಇಲ್ಲದಾಗ ಒಳಗಿನಿಂದ ಎಳೆದು ತರಬೇಕು. ಆ ಕೆಲಸವನ್ನು ನೀವು ಮನೆಯಲ್ಲಿ ಒಂದು ಸಲವೂ ಮಾಡಿರುವುದಿಲ್ಲ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಃಶಾಸ್ತ್ರಜ್ಞರು ಇದನ್ನು ಅಳೆದರು. ಒಂದು ಗುಂಪು ಪಾಠವನ್ನು ಓದಿ, ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಆಮೇಲೆ ನೋಡದೆ ನೆನಪಿಗೆ ಬಂದದ್ದನ್ನೆಲ್ಲ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು: ಅವರಿಗೆ ಶೇ. 81, ಬರೆದವರಿಗೆ ಶೇ. 75. ಒಂದು ವಾರ ಬಿಟ್ಟಾಗ ಲೆಕ್ಕ ತಲೆಕೆಳಗಾಯಿತು. ಬರೆದವರಿಗೆ ಶೇ. 56 ನೆನಪಿತ್ತು, ಓದಿದವರಿಗೆ ಶೇ. 42. ಅದೇ ವರದಿಯ ಇನ್ನೊಂದು ಪ್ರಯೋಗದಲ್ಲಿ, ನಿಮಗೆ ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದ್ದರು. ಬರೀ ಓದಿಯೇ ಓದಿದವರಿಗೇ ಧೈರ್ಯ ಜಾಸ್ತಿ ಇತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಿಮಗೆ ಬರುತ್ತದಲ್ಲ, ಅದೇ ಧೈರ್ಯ.

ಇದಕ್ಕೆ ಮದ್ದು ಸರಳ, ಆದರೆ ಹಿತವಾಗಿರುವುದಿಲ್ಲ. ಒಂದು ಭಾಗ ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ನೆನಪಿರುವುದನ್ನು ಬರೆಯಿರಿ. ಅರ್ಧ ಬರುವುದಿಲ್ಲ, ಬೇಜಾರಾಗುತ್ತದೆ, ಇರಲಿ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ನೋಡಿ. ಅಮ್ಮನಿಗೋ ತಮ್ಮನಿಗೋ ಬಾಯಲ್ಲಿ ವಿವರಿಸಿದರೂ ನಡೆಯುತ್ತದೆ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ.

ಈ ದಿನ ಬಿಟ್ಟು ದಿನದ ಲೆಕ್ಕ ಹೊಸದೇನಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಮರೆವನ್ನು ಅಳೆದು ಪುಸ್ತಕ ಪ್ರಕಟಿಸಿದರು. ಪ್ರಯೋಗ ಮಾಡಿದ್ದು ತಮ್ಮ ಮೇಲೆಯೇ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಿಯುವುದು, ಎರಡನೇ ಸಲ ಎಷ್ಟು ಶ್ರಮ ಉಳಿಯಿತು ಅಂತ ನೋಡುವುದು. 20 ನಿಮಿಷ ಬಿಟ್ಟು ಕಲಿತರೆ ಉಳಿತಾಯ ಸುಮಾರು ಶೇ. 58. ಒಂದು ಗಂಟೆಗೆ ಶೇ. 44, ಒಂದು ದಿನಕ್ಕೆ ಶೇ. 34, 31 ದಿನಕ್ಕೆ ಶೇ. 21. ಮೊದಲ ಗಂಟೆಯಲ್ಲಿ ದೊಡ್ಡ ನಷ್ಟ, ಆಮೇಲೆ ಸೋರುವುದು ನಿಧಾನ. ಒಂದೇ ದಿನ ಉರು ಹೊಡೆಯುವುದಕ್ಕಿಂತ ದಿನಗಳಿಗೆ ಹಂಚಿ ಕಲಿಯುವುದೇ ಲಾಭ ಅಂತಲೂ ಅವರೇ ಬರೆದಿದ್ದಾರೆ. ಅರ್ಥವಿರುವ ಪಾಠ ಇಷ್ಟು ಬೇಗ ಮರೆಯುವುದಿಲ್ಲ, ಆ ಸಮಾಧಾನ ಇರಲಿ.

ಇನ್ನು ನಿದ್ದೆ. ‘ಅಭ್ಯಾಸ ಆಗಿಬಿಟ್ಟಿದೆ’ ಅಂದಿರಿ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದ ಮಾತು ಇದೊಂದೇ.

ಅಮೆರಿಕದಲ್ಲಿ ವ್ಯಾನ್ ಡಾಂಗೆನ್ ಮತ್ತು ಜೊತೆಗಾರರು ಮಾಡಿದ ಒಂದು ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಆರೋಗ್ಯವಂತರನ್ನು 14 ದಿನ ಪ್ರಯೋಗಾಲಯದಲ್ಲೇ ಇಟ್ಟುಕೊಂಡರು. ಕೆಲವರಿಗೆ ರಾತ್ರಿ ಮಲಗಲು 8 ಗಂಟೆ, ಕೆಲವರಿಗೆ 6, ಕೆಲವರಿಗೆ ನಿಮ್ಮಂತೆ 4. ಗಮನ ಮತ್ತು ಚುರುಕು ಅಳೆಯುವ ಪರೀಕ್ಷೆಗಳಲ್ಲಿ 6 ಮತ್ತು 4 ಗಂಟೆಯವರು ದಿನದಿಂದ ದಿನಕ್ಕೆ ಕುಸಿಯುತ್ತಾ ಹೋದರು. ಎರಡು ವಾರದ ಕೊನೆಗೆ ಅವರ ಸ್ಥಿತಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರಿಗೆ ಸಮನಾಗಿತ್ತು. ಆದರೆ ನಿದ್ದೆ ಬರುತ್ತಿದೆಯಾ ಅಂತ ಕೇಳಿದರೆ ಮೊದಲ ಕೆಲವು ದಿನ ಬಿಟ್ಟು ಆಮೇಲೆ ಅವರಿಗೆ ಅಷ್ಟೇನೂ ಅನಿಸುತ್ತಿರಲಿಲ್ಲ. ತಲೆ ಮಂಕಾಗುತ್ತಲೇ ಇತ್ತು, ಮಂಕಾದದ್ದು ಗೊತ್ತಾಗುವುದು ಮಾತ್ರ ನಿಂತಿತ್ತು. ನಿಮ್ಮ ‘ಅಭ್ಯಾಸ’ ಇದೇ ಇರಬೇಕು.

ನಿದ್ದೆಗೂ ನೆನಪಿಗೂ ನೇರ ನಂಟಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಹತ್ತತ್ತು ಉಚ್ಚಾರ ಕಲಿಸಿದರು. ಕಲಿತು ಮಲಗಿದಾಗ ಎಂಟು ಗಂಟೆಯ ನಂತರವೂ ಅರ್ಧದಷ್ಟು ಉಳಿದಿತ್ತು. ಕಲಿತು ಎಚ್ಚರವಿದ್ದಾಗ ಹತ್ತರಲ್ಲಿ ಒಂದರ ಆಸುಪಾಸು. ಆಗ ಅವರು, ಮಲಗಿದಾಗ ಬೇರೆ ವಿಷಯ ಬಂದು ತಲೆ ಕೆಡಿಸುವುದಿಲ್ಲ, ಅದಕ್ಕೇ ಉಳಿಯಿತು ಅಂದುಕೊಂಡರು. ಈಗ ಗೊತ್ತಿರುವುದು ಇನ್ನೂ ಸ್ವಾರಸ್ಯವಾಗಿದೆ. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳ ಹಿಪೊಕ್ಯಾಂಪಸ್ ಗಮನಿಸಿದಾಗ, ಓಡಾಡುವಾಗ ಜೊತೆಜೊತೆಗೆ ಕೆಲಸ ಮಾಡಿದ ಕೋಶಗಳೇ ಆಮೇಲಿನ ನಿದ್ದೆಯಲ್ಲೂ ಜೊತೆಗೆ ಮಿಡಿಯುತ್ತಿದ್ದವು. ಮೆದುಳು ನಿದ್ದೆಯಲ್ಲಿ ಹಗಲಿನ ಪಾಠವನ್ನು ಮತ್ತೆ ಹಾಕಿ ನೋಡುತ್ತದೆ. ಮನುಷ್ಯರಲ್ಲೂ ಇಂಥದ್ದರ ಗುರುತುಗಳು ಸಿಕ್ಕಿವೆ.

ಒಂದು ಸುತ್ತು ನಿದ್ದೆ ಸುಮಾರು 90 ನಿಮಿಷ. ರಾತ್ರಿಯ ಮೊದಲ ಭಾಗದ ಸುತ್ತುಗಳಲ್ಲಿ ಗಾಢ ನಿದ್ದೆ ಜಾಸ್ತಿ, ಬೆಳಗಿನ ಕಡೆ ಹೋದಂತೆ ಕನಸಿನ ನಿದ್ದೆ ಜಾಸ್ತಿ. ಓದಿದ ಸಂಗತಿಗಳು ಗಟ್ಟಿಯಾಗಲು ಮುಖ್ಯವಾಗಿ ಗಾಢ ನಿದ್ದೆ ಬೇಕು. ಕೈಗೆ ಕೂರುವ ಕೆಲಸದ ಮಾತು ಬೇರೆ. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಬೆರಳಿನಿಂದ ಕೀಲಿಗಳನ್ನು ಒಂದು ಕ್ರಮದಲ್ಲಿ ಒತ್ತುವುದನ್ನು ಕಲಿಸಿದರು. ಒಂದು ರಾತ್ರಿ ನಿದ್ದೆಯ ನಂತರ ವೇಗ ಸುಮಾರು ಶೇ. 20 ಏರಿತು, ಮತ್ತೆ ಅಭ್ಯಾಸ ಮಾಡದೆಯೇ. ಆ ಲಾಭ ಬಂದದ್ದು ರಾತ್ರಿಯ ಕೊನೆಯ ಕಾಲು ಭಾಗದ ಹಗುರ ನಿದ್ದೆಯ ಜೊತೆಗೆ. ಎರಡಕ್ಕೆ ಮಲಗಿ ಆರಕ್ಕೆ ಏಳುವವರು ಕತ್ತರಿಸಿ ಎಸೆಯುವುದು ಈ ಕೊನೆಯ ಭಾಗವನ್ನೇ. ವೀಣೆ, ಟೈಪಿಂಗ್ ಕಲಿಯುವ ಮಕ್ಕಳ ಮನೆಯವರು ಇದನ್ನು ಗಮನಿಸಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ನಂಬಿಕೆ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದ್ದೇ ತಲೆಗೆ ಹತ್ತುತ್ತದೆ ಅಂತ. ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಖಂಡಿತ ಹತ್ತುತ್ತದೆ, ಏಳು ಗಂಟೆ ನಿದ್ದೆ ಆಗಿರುತ್ತದೆ. ಹಿರಿಯರು ಹೇಳಿದ್ದು ಆ ಕಾಲದ ಮಾತು. ಈಗ ಹನ್ನೆರಡಕ್ಕೆ ಮಲಗುವ ಹುಡುಗರನ್ನು ನಾಲ್ಕಕ್ಕೆ ಎಬ್ಬಿಸುತ್ತಾರೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ, ಬೇಗ ನಿದ್ದೆ ಬರುವುದಿಲ್ಲ. ಅದು ಸೋಮಾರಿತನ ಅಲ್ಲ ಅಂತ ಅಪ್ಪ ಅಮ್ಮಂದಿರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ನಿಮ್ಮ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಬಸ್ಸಿನ ಟೈಮು ಬದಲಾಗುವುದಿಲ್ಲ, ಹಾಗಾಗಿ ಮಲಗುವ ಹೊತ್ತನ್ನೇ ಹನ್ನೊಂದಕ್ಕೆ ತನ್ನಿ. ಮೂರು ಗಂಟೆ ಓದು ಹೋಯಿತಲ್ಲ ಅನ್ನಬೇಡಿ. ಪುಸ್ತಕ ಮುಚ್ಚಿ ಬರೆಯುವ ಅಭ್ಯಾಸ ಶುರುವಾದರೆ ಆ ಮೂರು ಗಂಟೆ ಬೇಕಾಗುವುದೂ ಇಲ್ಲ. ರಾತ್ರಿ ಓದಲು ಕಾಫಿ ಕುಡಿಯುತ್ತಿದ್ದರೆ ಅದನ್ನು ಸಂಜೆಗೆ ಮುಂಚೆಯೇ ಮುಗಿಸಿ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗಿ ನಿದ್ದೆ ತರಿಸುತ್ತದೆ. ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂತುಬಿಡುತ್ತದೆ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ಒಂಬತ್ತರ ಕಾಫಿ ಎರಡಕ್ಕೂ ಅರ್ಧ ಲೋಟದಷ್ಟು ಕೆಲಸ ಮಾಡುತ್ತಿರುತ್ತದೆ.

ಈಗ ಆ ಸರ್ಕಲ್. ನೀವು ಹೆಚ್ಚು ನೊಂದಿರುವುದು ಇದಕ್ಕೇ ಅಂತ ಪತ್ರದಲ್ಲೇ ಗೊತ್ತಾಗುತ್ತದೆ.

ಈ ವಿಷಯದ ಪಾಠ ಸಾಮಾನ್ಯವಾಗಿ ಒಂದು ಕೊಲೆಯಿಂದ ಶುರುವಾಗುತ್ತದೆ. 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಿಟ್ಟಿ ಜೆನೊವೀಸ್ ಅನ್ನುವ 28 ವರ್ಷದ ಯುವತಿಯನ್ನು ಮನೆಯ ಹತ್ತಿರವೇ ಇರಿದು ಕೊಂದರು. ಎರಡು ವಾರದ ನಂತರ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಬರೆಯಿತು: 38 ಮಂದಿ ನೋಡುತ್ತಿದ್ದರು, ದಾಳಿ ನಡೆಯುವಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ. ನಗರದ ಜನ ಕಟುಕರಾದರು ಅಂತ ಎಲ್ಲರೂ ಬೈದರು. ಈ ಕಥೆ ಇವತ್ತಿಗೂ ಗೈಡುಗಳಲ್ಲಿ ಹಾಗೇ ಇರುತ್ತದೆ, ಎಚ್ಚರ. ಆಮೇಲೆ ದಾಖಲೆ ಕೆದಕಿದಾಗ 38ರ ಲೆಕ್ಕ ನಿಲ್ಲಲಿಲ್ಲ. ದಾಳಿ ಎರಡು ಸಲ ನಡೆದಿತ್ತು; ಎರಡನೆಯದು ಕಟ್ಟಡದ ಹಿಂಬದಿಯ ಒಳಬಾಗಿಲಲ್ಲಿ, ಹೆಚ್ಚಿನವರಿಗೆ ಅದು ಕಾಣುವಂತೆಯೇ ಇರಲಿಲ್ಲ. ಒಬ್ಬರು ಕಿಟಕಿಯಿಂದ ಕೂಗಿ ಹಂತಕನನ್ನು ಒಮ್ಮೆ ಓಡಿಸಿದ್ದರು. ನೆರೆಯ ಒಬ್ಬ ಹೆಂಗಸು ಕೆಳಗೆ ಓಡಿಬಂದು ಆಕೆಯನ್ನು ತೋಳಲ್ಲಿ ಹಿಡಿದುಕೊಂಡಿದ್ದರು. ತನ್ನ ವರದಿಯಲ್ಲಿ ತಪ್ಪುಗಳಿದ್ದವು ಅಂತ ಆ ಪತ್ರಿಕೆಯೇ 2016ರಲ್ಲಿ ಬರೆದುಕೊಂಡಿತು.

ವರದಿ ತಪ್ಪಾದರೂ ಅದು ಹುಟ್ಟಿಸಿದ ಪ್ರಶ್ನೆ ಒಳ್ಳೆಯದಿತ್ತು. ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಕೇಳಿದರು: ಜನ ಕೆಟ್ಟವರಾದದ್ದಕ್ಕೆ ಸುಮ್ಮನಿದ್ದರಾ, ಅಥವಾ ಜನ ಜಾಸ್ತಿ ಇದ್ದದ್ದಕ್ಕೇ ಸುಮ್ಮನಿದ್ದರಾ? 1968ರ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬೇರೆಬೇರೆ ಕೋಣೆಯಲ್ಲಿ ಕೂತು ಮೈಕಿನಲ್ಲಿ ಮಾತಾಡುತ್ತಿದ್ದರು. ನಡುವೆ ಒಬ್ಬರಿಗೆ ಮೂರ್ಛೆ ಬಂದಂತೆ ದನಿ ಕೇಳುತ್ತದೆ (ಮೊದಲೇ ರೆಕಾರ್ಡ್ ಮಾಡಿದ್ದು). ಕೇಳಿಸಿಕೊಂಡದ್ದು ತಾನೊಬ್ಬನೇ ಅಂದುಕೊಂಡವರಲ್ಲಿ ಶೇ. 85 ಮಂದಿ ಆ ದನಿ ನಿಲ್ಲುವ ಮುಂಚೆಯೇ ಎದ್ದು ಹೋಗಿ ತಿಳಿಸಿದರು. ಇನ್ನೊಬ್ಬರೂ ಕೇಳಿಸಿಕೊಂಡಿದ್ದಾರೆ ಅಂದುಕೊಂಡಾಗ ಶೇ. 62. ಇನ್ನೂ ನಾಲ್ವರು ಇದ್ದಾರೆ ಅಂದುಕೊಂಡಾಗ ಶೇ. 31. ಹೊಣೆ ಹಂಚಿಹೋಯಿತು, ಒಬ್ಬೊಬ್ಬರ ಪಾಲು ತೆಳ್ಳಗಾಯಿತು.

ಎದ್ದು ಹೋಗದೆ ಕೂತವರ ಬಗ್ಗೆ ಅವರು ಬರೆದದ್ದನ್ನು ನೀವು ಓದಬೇಕು. ಅವರು ತಣ್ಣಗೆ ಕೂತಿರಲಿಲ್ಲ. ಪ್ರಯೋಗದವರು ಒಳಗೆ ಹೋದಾಗ ಎಷ್ಟೋ ಜನರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು, ‘ಅವರು ಹುಷಾರಾಗಿದ್ದಾರಾ?’ ಅಂತ ಕೇಳಿದರು. ಸಹಾಯಕ್ಕೆ ಎದ್ದವರಿಗಿಂತ ಇವರೇ ಹೆಚ್ಚು ಕಲಕಿಹೋಗಿದ್ದರು. ಏಳಬಾರದು ಅಂತ ತೀರ್ಮಾನಿಸಿ ಕೂತವರಲ್ಲ, ಯಾವ ತೀರ್ಮಾನಕ್ಕೂ ಬರಲಾಗದೆ ಸಿಕ್ಕಿಕೊಂಡವರು. ತಿಂಗಳಾದರೂ ಕೊರಗುತ್ತಿರುವ ನೀವು ಈ ಗುಂಪಿನವರು. ಕಲ್ಲು ಮನಸ್ಸಿನವರು ನನಗೆ ಪತ್ರ ಬರೆಯುವುದಿಲ್ಲ.

ಇನ್ನೊಂದು ಕಾರಣವೂ ಇರುತ್ತದೆ. ಏನಾಗಿದೆ ಅಂತ ತಿಳಿಯದಾಗ ನಾವು ಪಕ್ಕದವರ ಮುಖ ನೋಡುತ್ತೇವೆ. ಅವರು ನಮ್ಮ ಮುಖ ನೋಡುತ್ತಿರುತ್ತಾರೆ. ಎಲ್ಲರೂ ಶಾಂತವಾಗಿರುವಂತೆ ಕಾಣುವುದರಿಂದ ‘ಏನೂ ದೊಡ್ಡದಾಗಿಲ್ಲ’ ಅಂತ ಎಲ್ಲರಿಗೂ ಅನಿಸುತ್ತದೆ. ಡಾರ್ಲಿ ಮತ್ತು ಲತಾನೆ ಇನ್ನೊಂದು ಪ್ರಯೋಗದಲ್ಲಿ ಕೋಣೆಯೊಳಗೆ ಹೊಗೆ ಬಿಟ್ಟರು. ಒಬ್ಬರೇ ಕೂತಿದ್ದಾಗ ಶೇ. 75 ಮಂದಿ ಎದ್ದು ಹೋಗಿ ಹೇಳಿದರು. ಸುಮ್ಮನಿರಲು ಮೊದಲೇ ಹೇಳಿಕೊಟ್ಟಿದ್ದ ಇಬ್ಬರ ಜೊತೆ ಕೂತಾಗ ಶೇ. 10 ಮಾತ್ರ. ಉಳಿದವರು ಕಣ್ಣುಜ್ಜಿಕೊಂಡು, ಕೆಮ್ಮಿಕೊಂಡು ಅರ್ಜಿ ತುಂಬುತ್ತಾ ಕೂತರು. ಪಕ್ಕದವರಿಂದಾಗಿ ಹೀಗೆ ಮಾಡಿದಿರಾ ಅಂದರೆ ಇಲ್ಲವೇ ಇಲ್ಲ ಅಂದರು. ನಿಮ್ಮ ಸರ್ಕಲ್‌ನಲ್ಲಿ ನಿಂತಿದ್ದ ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತಿತ್ತು.

ಒಳ್ಳೆಯತನಕ್ಕೆ ಬೆಲೆಯೇ ಇಲ್ಲವಾ ಅನ್ನುವ ಅನುಮಾನಕ್ಕೆ 1973ರ ಪ್ರಿನ್ಸ್‌ಟನ್ ಪ್ರಯೋಗ ನೋಡಿ. ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಬೇಕು. ಅರ್ಧದಷ್ಟು ಜನರಿಗೆ ಕೊಟ್ಟ ವಿಷಯವೇ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಬೈಬಲ್ ಕಥೆ. ದಾರಿಯಲ್ಲಿ ಒಬ್ಬ ನರಳುತ್ತಾ ಕೂತಿದ್ದಾನೆ. ಅವಸರ ಇಲ್ಲದವರಲ್ಲಿ ಶೇ. 63 ಸಹಾಯ ಮಾಡಿದರು. ‘ತಡವಾಯಿತು, ಓಡಿ’ ಅಂತ ಕಳಿಸಿದವರಲ್ಲಿ ಶೇ. 10. ತಲೆಯಲ್ಲಿ ಯಾವ ಕಥೆ ಇತ್ತು ಅನ್ನುವುದು ಹೇಳಿಕೊಳ್ಳುವಷ್ಟು ವ್ಯತ್ಯಾಸ ಮಾಡಲಿಲ್ಲ. ನಿಮಗೂ ಅವತ್ತು ಬಸ್ಸಿನ ಅವಸರ ಇತ್ತೇನೋ.

ಆದರೆ ಗುಂಪು ಸೇರಿದರೆ ಯಾರೂ ಕೈ ಹಚ್ಚುವುದಿಲ್ಲ ಅಂತ ಬರೆದರೆ ತಪ್ಪು. ಬ್ರಿಟನ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾದ ನಗರಗಳ ಸಿ.ಸಿ. ಕ್ಯಾಮೆರಾಗಳಲ್ಲಿ ಸಿಕ್ಕಿದ 219 ಬೀದಿ ಜಗಳಗಳನ್ನು ಸಂಶೋಧಕರು ನೋಡಿದರು. ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಬಂದೇ ಬಂದಿದ್ದರು. ಜನ ಹೆಚ್ಚಿದಷ್ಟೂ ಹಾಗೆ ಬರುವ ಸಂಭವವೂ ಹೆಚ್ಚಿತ್ತು. ಒಬ್ಬೊಬ್ಬರ ಹೆಜ್ಜೆ ತಡವರಿಸಬಹುದು, ಗುಂಪಿನಿಂದ ಒಬ್ಬರು ಹೊರಬರುತ್ತಾರೆ. ನಿಮ್ಮ ಆಟೋದವರ ಹಾಗೆ.

ಆ ‘ಹತ್ತು ನಿಮಿಷ’ದ ಬಗ್ಗೆಯೂ ನನಗೆ ಗುಮಾನಿ. ಅಮೆರಿಕದ ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಗಾರರು ಬ್ಯಾಂಕ್ ದರೋಡೆಯ 30 ಸೆಕೆಂಡಿನ ವಿಡಿಯೊ ತೋರಿಸಿ, ಎರಡು ದಿನದ ನಂತರ ಅದು ಎಷ್ಟು ಹೊತ್ತಿತ್ತು ಅಂತ ಕೇಳಿದರು. ಜನ ಹೇಳಿದ್ದರ ಸರಾಸರಿ ಎರಡು ನಿಮಿಷಕ್ಕೂ ಜಾಸ್ತಿ. ಗಾಬರಿಯ ಹೊತ್ತು ನೆನಪಿನಲ್ಲಿ ಉದ್ದವಾಗುತ್ತದೆ. ಆಮೇಲೆ ನಾವು ಕೇಳುವ ಮಾತೂ ಒಳಗೆ ಸೇರುತ್ತದೆ. ಅದೇ ಲಾಫ್ಟಸ್ 1974ರಲ್ಲಿ ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ‘ಗುದ್ದಿದಾಗ’ ವೇಗ ಎಷ್ಟಿತ್ತು, ಕೆಲವರಿಗೆ ‘ಅಪ್ಪಳಿಸಿ ನುಚ್ಚುನೂರಾದಾಗ’ ಎಷ್ಟಿತ್ತು ಅಂತ ಕೇಳಿದರು. ವಾರದ ನಂತರ ಒಡೆದ ಗಾಜು ಕಂಡಿರಾ ಅಂದರೆ ಮೊದಲ ಗುಂಪಿನ 50ರಲ್ಲಿ 7 ಮಂದಿ ಹೌದು ಅಂದರು, ಎರಡನೆಯದರಲ್ಲಿ 16. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ತಿಂಗಳಿಡೀ ನಿಮ್ಮನ್ನು ನೀವೇ ಬೈದುಕೊಂಡು ಮತ್ತೆ ಮತ್ತೆ ನೆನೆದ ಆ ದೃಶ್ಯ ಅವತ್ತು ನಡೆದ ಹಾಗೇ ಉಳಿದಿರುವುದಿಲ್ಲ.

ನಿದ್ದೆಗೆಟ್ಟದ್ದಕ್ಕೂ ಸುಮ್ಮನೆ ನಿಂತದ್ದಕ್ಕೂ ಸಂಬಂಧ ಇರಬಹುದಾ? ನಿಮ್ಮ ಒಬ್ಬರ ವಿಷಯದಲ್ಲಿ ಹೇಳಲಾಗುವುದಿಲ್ಲ. ಆದರೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಟಿ ಬೆನ್ ಸೈಮನ್, ಮ್ಯಾಥ್ಯೂ ವಾಕರ್ ಮತ್ತಿತರರು 2022ರಲ್ಲಿ ಪ್ರಕಟಿಸಿದ ಕೆಲಸ ಗಮನಿಸುವಂತಿದೆ. ನಿದ್ದೆ ಕೆಟ್ಟವರಲ್ಲಿ ಬೇರೆಯವರಿಗೆ ಸಹಾಯ ಮಾಡುವ ಇಚ್ಛೆ ಕುಗ್ಗಿತ್ತು. ಇನ್ನೊಬ್ಬರ ಮನಸ್ಸು ಅರಿಯಲು ಬೇಕಾದ ಮೆದುಳಿನ ಭಾಗಗಳೂ ಮಂಕಾಗಿದ್ದವು. ಅಮೆರಿಕದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುತ್ತಾರಲ್ಲ, ಆ ವಾರದಲ್ಲಿ ದೇಣಿಗೆಗಳು ಸುಮಾರು ಶೇ. 10 ಇಳಿದದ್ದೂ ಲೆಕ್ಕದಲ್ಲಿ ಕಂಡಿತು. ಹೋದದ್ದು ಒಂದೇ ಒಂದು ಗಂಟೆ.

ಮುಂದಿನ ಸಲ ಏನು ಮಾಡಬಹುದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಗುಂಪಿಗೆ ‘ಯಾರಾದರೂ ಫೋನ್ ಮಾಡ್ರಪ್ಪಾ’ ಅನ್ನಬೇಡಿ, ಇನ್ನೊಬ್ಬರು ಮಾಡುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಒಬ್ಬರನ್ನು ನೋಡಿ, ಕೈ ತೋರಿಸಿ ಹೇಳಿ: ‘ನೀಲಿ ಶರ್ಟಿನ ಅಣ್ಣಾ, ನೀವು 108ಕ್ಕೆ ಫೋನ್ ಮಾಡಿ. ಅಕ್ಕಾ, ನೀವು ಗಾಡಿಗಳನ್ನು ಆ ಕಡೆ ತಿರುಗಿಸಿ.’ ಹೊಣೆಗೆ ಒಂದು ಮುಖ ಸಿಕ್ಕಿದರೆ ಜನ ತಕ್ಷಣ ಕದಲುತ್ತಾರೆ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರುವ ಅನುಮಾನ ಇದ್ದರೆ ಎತ್ತಿ ಕೂರಿಸಲು ಬಿಡಬೇಡಿ, ನೀರು ಕುಡಿಸಲೂ ಬೇಡಿ.

‘ನಮಗ್ಯಾಕೆ ಊರ ಉಸಾಬರಿ, ಆಮೇಲೆ ಸ್ಟೇಷನ್ನು ಕೋರ್ಟು ಅಲೆಯೋರು ಯಾರು’ ಅನ್ನುವ ಭಯ ನಮ್ಮಲ್ಲಿ ಜಾಸ್ತಿ. ಅದು ಸುಳ್ಳು ಭಯವೂ ಆಗಿರಲಿಲ್ಲ. ಈಗ ಕಾನೂನು ಬದಲಾಗಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಅದಕ್ಕಾಗಿ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಕೊಡಿ ಅಂತ ಒತ್ತಾಯಿಸುವಂತಿಲ್ಲ.

ಕೊನೆಯದಾಗಿ, ಏನು ಮಾಡಬೇಕು ಅಂತ ತಿಳಿದವರ ಮೇಲೆ ಗುಂಪಿನ ಪ್ರಭಾವ ಕಮ್ಮಿ. 1988ರ ಒಂದು ಅಧ್ಯಯನದಲ್ಲಿ ತರಬೇತಿ ಪಡೆದ ನರ್ಸುಗಳು ಒಬ್ಬರೇ ಇದ್ದಾಗ ಎಷ್ಟು ನೆರವಾದರೋ ಪಕ್ಕದಲ್ಲಿ ಬೇರೆಯವರಿದ್ದಾಗಲೂ ಅಷ್ಟೇ ನೆರವಾದರು. ಬೇರೆ ವಿದ್ಯಾರ್ಥಿಗಳು ಹಾಗಿರಲಿಲ್ಲ. ನಿಮ್ಮ ಕಾಲೇಜಿನಲ್ಲಿ ಯೂತ್ ರೆಡ್ ಕ್ರಾಸ್ ಅಥವಾ ಎನ್‌ಎಸ್‌ಎಸ್ ಘಟಕ ಇದ್ದರೆ ಪ್ರಥಮ ಚಿಕಿತ್ಸೆಯ ತರಬೇತಿ ಯಾವಾಗ ಅಂತ ವಿಚಾರಿಸಿ, ಸೇರಿಕೊಳ್ಳಿ. ಶಿಬಿರ ಭಾನುವಾರ ಬೆಳಿಗ್ಗೆ ಇದ್ದರೆ ಶನಿವಾರ ರಾತ್ರಿ ಬೇಗ ಮಲಗಿ. ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸಿದ ರಾತ್ರಿಯಂತೂ ನಿದ್ದೆ ಬಿಡಲೇಬೇಡಿ.